ಗಾಳಿ ಉಳಿ: ಹೊಡೆತ ಬಂತು, ಹಿಡಿತ ಬರಬೇಕು

ಲೋಹ ಕೆತ್ತಲು ನಾನೇ ಮಾಡಿಕೊಳ್ಳುತ್ತಿರುವ ಗಾಳಿ ಉಳಿ ಕೊನೆಗೂ ಹಿತ್ತಾಳೆ ಕಡಿಯುತ್ತಿದೆ. 2 ಮಿ.ಮೀ. ತಗಡಿನ ಮೇಲೆ ತೆಳು ಗೆರೆಯೂ ಬರುತ್ತದೆ, ಅರ್ಧ ಮಿ.ಮೀ. ಅಗಲದ ದಪ್ಪ ಗೆರೆಯೂ ಬರುತ್ತದೆ. ಕೈಗೆ ಆಯಾಸ ಇಲ್ಲ. ಕಳೆದ ಸಲ ಬರೆದಾಗ ಕಂಪ್ರೆಸರ್ ಮಾತ್ರ ತಯಾರಿತ್ತು. ಅಲ್ಲಿಂದ ಇಲ್ಲಿಯವರೆಗೆ ಏನೇನಾಯಿತು ಅಂತ ಹೇಳುತ್ತೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಅಕ್ಕಸಾಲಿಗರು ಲೋಹದ ಮೇಲೆ ಕೆತ್ತುವಾಗ ಉಳಿಯ ಬುಡವನ್ನು ಅಂಗೈಗೆ ಆನಿಸಿ ತಳ್ಳುತ್ತಾರೆ, ಇಲ್ಲವೇ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾರೆ. ಗಾಳಿ ಉಳಿಯಲ್ಲಿ ಆ ಸುತ್ತಿಗೆ ಹಿಡಿಯ ಒಳಗೇ ಇರುತ್ತದೆ. ಗಾಳಿ ಬಂದಾಗ ಒಂದು ಚಿಕ್ಕ ಪಿಸ್ಟನ್ ಮುಂದೆ ಹೋಗಿ ಉಳಿಯ ಬೆನ್ನಿಗೆ ಹೊಡೆಯುತ್ತದೆ. ಗಾಳಿ ಹೊರಗೆ ಹೋದಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ಸೆಕೆಂಡಿಗೆ ಹತ್ತಾರು ಸಲ. ಕೈ ದಾರಿ ತೋರಿಸಿದರೆ ಸಾಕು. ಅಮೆರಿಕದ ಕಾನ್ಸಾಸ್‌ನ ಜಿಆರ್‌ಎಸ್, ನೆಬ್ರಾಸ್ಕದ ಲಿಂಡ್ಸೆ ಇಂಥವನ್ನು ತುಂಬ ಚೆನ್ನಾಗಿ ಮಾಡುತ್ತಾರೆ. ಆದರೆ ಯಂತ್ರ, ಹ್ಯಾಂಡ್‌ಪೀಸ್ (ಕೈಯಲ್ಲಿ ಹಿಡಿಯುವ ಭಾಗ), ಸುಂಕ ಎಲ್ಲ ಸೇರಿದರೆ ಲಕ್ಷ ದಾಟುತ್ತದೆ. ವಾರಕ್ಕೊಮ್ಮೆ ಹಿತ್ತಾಳೆ ಗೀಚುವವನಿಗೆ ಅಷ್ಟೆಲ್ಲ ಯಾಕೆ, ಅಲ್ವಾ?

ಕಂಪ್ರೆಸರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗುಜರಿಯಲ್ಲಿ ಸಿಕ್ಕ ಫ್ರಿಜ್ ಕಂಪ್ರೆಸರ್. ಸದ್ದೇ ಇಲ್ಲ, ಅದೇ ಅದರ ದೊಡ್ಡ ಗುಣ. ಕೊಳ್ಳುವಾಗ ಲೇಬಲ್ ಓದಿ. ಆರ್600ಎ ಅಂತಿದ್ದರೆ ಒಳಗಿದ್ದದ್ದು ಬೆಂಕಿ ಹತ್ತುವ ಅನಿಲ. ಯಾವ ಅನಿಲವೇ ಇರಲಿ, ಫ್ರಿಜ್ ಮೆಕ್ಯಾನಿಕ್ ಕೈಯಲ್ಲಿ ಸರಿಯಾಗಿ ತೆಗೆಸದೆ ಪೈಪ್ ಕತ್ತರಿಸಬೇಡಿ. ನನ್ನದು ಆರ್134ಎ. ಇನ್ನೊಂದು ವಿಷಯ: ಟ್ಯಾಂಕಿನಲ್ಲಿ ಒತ್ತಡ ಇರುವಾಗ ಈ ಕಂಪ್ರೆಸರ್ ಮತ್ತೆ ಶುರುವಾಗೋದಿಲ್ಲ. ಗುಂಯ್ ಅಂದು ಓವರ್‌ಲೋಡ್ ಟ್ರಿಪ್ ಆಗುತ್ತದೆ, ಯಾಕೆಂದರೆ ಅದರ ಮೋಟಾರಿಗೆ ಶುರುವಿನ ಬಲ ಕಡಿಮೆ. ಅದಕ್ಕೆ ಟ್ಯಾಂಕಿನ ಬಾಯಿಗೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಚೆಕ್ ವಾಲ್ವ್, ಜೊತೆಗೆ ಕಂಪ್ರೆಸರ್ ನಿಂತಾಗ ಅದರ ಕಡೆಯ ಪೈಪಿನ ಗಾಳಿಯನ್ನು ಹೊರಗೆ ಬಿಡುವಂಥ ಪ್ರೆಷರ್ ಸ್ವಿಚ್ ಹಾಕಿದ್ದೇನೆ. ಟ್ಯಾಂಕಿಗೆ ಸೇಫ್ಟಿ ವಾಲ್ವ್ ಇದೆ. ಅದು ಇಲ್ಲದೆ ಟ್ಯಾಂಕಿನ ಪಕ್ಕ ಯಾರೂ ಕೂರಬಾರದು.

ಇನ್ನು ಹ್ಯಾಂಡ್‌ಪೀಸ್.

ಹೊರಗಿನ ಕೊಳವೆ ಹಿತ್ತಾಳೆಯದು. ನನ್ನ ಹತ್ತಿರ ಲೇತ್ ಇಲ್ಲ. ಪೀಣ್ಯದಲ್ಲಿ ಪರಿಚಯದ ಒಬ್ಬರ ಲೇತ್ ಶಾಪಿನಲ್ಲಿ, ಅವರ ಕೆಲಸದ ನಡುವೆ ಬಿಡುವು ಸಿಕ್ಕಾಗ ಮಾಡಿಸಿದೆ. ಒಳಗಿನ ತೂತು 8 ಮಿ.ಮೀ., ತೂತನ್ನು ನಿಖರ ಅಳತೆಗೆ ತರುವ ಎಚ್7 ರೀಮರ್ ಹಾಕಿದ್ದು. ಅಂದರೆ 8.000ರಿಂದ 8.015ರ ಒಳಗೆ. ಪಿಸ್ಟನ್‌ಗೆ 8 ಮಿ.ಮೀ.ನ ಗ್ರೈಂಡ್ ಮಾಡಿದ ಸಿಲ್ವರ್ ಸ್ಟೀಲ್ ಸರಳು. ಹೆಸರಲ್ಲಷ್ಟೇ ಬೆಳ್ಳಿ, ಅದು ಬರೀ ಉಕ್ಕು. ಅದನ್ನು ಡ್ರಿಲ್ ಮಷೀನಿಗೆ ಕಚ್ಚಿಸಿ, 1000 ನಂಬರಿನ ಉಜ್ಜುಕಾಗದಕ್ಕೆ ಎಣ್ಣೆ ಹಚ್ಚಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದೆ. ವ್ಯಾಸದಲ್ಲಿ 0.02 ಮಿ.ಮೀ.ನಷ್ಟು ಸಡಿಲ ಸಿಕ್ಕರೆ ಸಾಕು. ನನ್ನ ಮೈಕ್ರೋಮೀಟರಿನ ಮೇಲೆ ಅಷ್ಟೊಂದು ನಂಬಿಕೆ ಇಲ್ಲ, ಅದಕ್ಕೆ ಬೆರಳಿನ ಪರೀಕ್ಷೆಯೇ ಗತಿ. ಕೊಳವೆಯ ಕೆಳಗಿನ ಬಾಯಿಗೆ ಹೆಬ್ಬೆರಳು ಒತ್ತಿ, ಮೇಲಿನಿಂದ ಪಿಸ್ಟನ್ ಬಿಡಬೇಕು. ಅದು ಗಾಳಿಯ ಮೇಲೆ ಕೂತು ಮೆಲ್ಲಗೆ ಜಾರುತ್ತಾ ಇಳಿಯಬೇಕು. ಹೆಬ್ಬೆರಳು ತೆಗೆದರೆ ಟಕ್ ಅಂತ ಬಿದ್ದುಬಿಡಬೇಕು. ಹೆಬ್ಬೆರಳು ಇದ್ದರೂ ಸರ್ರನೆ ಬಿದ್ದರೆ ತುಂಬ ಸಡಿಲ. ತೆಗೆದರೂ ನಡುವೆ ನಿಂತರೆ ಇನ್ನೂ ಉಜ್ಜಬೇಕು.

ಗಾಳಿ ಸೋರದಂತೆ ಪಿಸ್ಟನ್ನಿಗೆ ರಬ್ಬರಿನ ಓ-ರಿಂಗ್ ಯಾಕೆ ಹಾಕಲಿಲ್ಲ ಅಂತ ಕೇಳುತ್ತಾರೆ. ಪಿಸ್ಟನ್ ಓಡಾಡುವುದೇ 10 ಮಿ.ಮೀ.ನಷ್ಟು. 1.5 ಬಾರ್ ಗಾಳಿ 8 ಮಿ.ಮೀ. ಮುಖದ ಮೇಲೆ ಕೊಡುವ ಬಲ 7.5 ನ್ಯೂಟನ್, ಅಂದರೆ ಮುಕ್ಕಾಲು ಕಿಲೋ ಭಾರದಷ್ಟು. ಇಷ್ಟು ಸಣ್ಣ ಬಲದಲ್ಲಿ ರಬ್ಬರಿನ ಘರ್ಷಣೆಗೂ ಪಾಲು ಕೊಟ್ಟರೆ ಹೊಡೆತಕ್ಕೆ ಉಳಿಯುವುದೇನು? ಸ್ವಲ್ಪ ಗಾಳಿ ಸೋರಿದರೆ ಸೋರಲಿ.

20 ಮಿ.ಮೀ. ಉದ್ದದ ಪಿಸ್ಟನ್ ಸುಮಾರು 8 ಗ್ರಾಂ ತೂಗುತ್ತದೆ. ಅದರ ಮುಂದೆ 3 ಮಿ.ಮೀ.ಗೆ ಇಳಿಸಿದ ಮೂಗು. ಮೂಗಿನ ಸುತ್ತ ಬಾಲ್‌ಪೆನ್ನಿನ ಸ್ಪ್ರಿಂಗ್. ಹೌದು, ಬಾಲ್‌ಪೆನ್ನಿನದೇ. ಬೇರೆ ಬೇರೆ ಪೆನ್ನುಗಳ ಸ್ಪ್ರಿಂಗ್ ಬೇರೆ ಬೇರೆ ಗಟ್ಟಿ ಇರುತ್ತದೆ, ಹಾಕಿ ನೋಡಿಯೇ ಆರಿಸಬೇಕು. ಮನೆಯಲ್ಲಿ ಈಗ ಟಿಕ್ ಅನ್ನುವ ಪೆನ್ನು ಒಂದೂ ಉಳಿದಿಲ್ಲ. ಪಿಸ್ಟನ್ನಿನ ಮುಂದಿನ ಭಾಗದಲ್ಲಿ ಕೊಳವೆಗೆ ಒಂದು ಪುಟ್ಟ ತೂತು ಇರಲೇಬೇಕು. ಇಲ್ಲದಿದ್ದರೆ ಮುಂದಿರುವ ಗಾಳಿಯೇ ಮೆತ್ತೆಯಾಗಿ ಹೊಡೆತವನ್ನು ನುಂಗಿಬಿಡುತ್ತದೆ.

ಫ್ರಿಜ್ ಕಂಪ್ರೆಸರ್ ಗಾಳಿಯ ಜೊತೆ ಎಣ್ಣೆಯನ್ನೂ ಉಗುಳುತ್ತದೆ. ಒಂದು ಹನಿ ಎಣ್ಣೆ ಪಿಸ್ಟನ್ನಿಗೆ ಒಳ್ಳೆಯದೇ, ಆದರೆ ಜಾಸ್ತಿಯಾದರೆ ಪಿಸ್ಟನ್ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಡ ಹೊಂದಿಸುವ ರೆಗ್ಯುಲೇಟರಿಗೆ ಮೊದಲು ಎಣ್ಣೆ ಹಿಡಿಯುವ ಫಿಲ್ಟರ್ ಇಟ್ಟ ಮೇಲೆ ಆ ತೊಂದರೆ ಹೋಯಿತು.

ನಿಜವಾದ ತಲೆನೋವು ವಾಲ್ವ್. ಎಸ್.ಪಿ. ರಸ್ತೆಯಲ್ಲಿ ಕೊಂಡ 12 ವೋಲ್ಟಿನ ತ್ರೀ-ವೇ ಸೊಲೆನಾಯ್ಡ್ ವಾಲ್ವ್ (ಕರೆಂಟ್ ಕೊಟ್ಟಾಗ ಗಾಳಿಯನ್ನು ಹ್ಯಾಂಡ್‌ಪೀಸಿಗೆ ಬಿಡುತ್ತದೆ, ಕಡಿದಾಗ ಅಲ್ಲಿನ ಗಾಳಿಯನ್ನು ಹೊರಗೆ ಬಿಡುತ್ತದೆ), ಅದನ್ನು ಕುಣಿಸಲು ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ನಡುವೆ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಐಆರ್‌ಎಲ್‌ಜೆಡ್44ಎನ್ ಮಾಸ್ಫೆಟ್. ಸೆಕೆಂಡಿಗೆ 15 ಹೊಡೆತದವರೆಗೆ ಚಂದ. 25 ದಾಟಿದ ಕೂಡಲೇ ಹೊಡೆತ ಮಾಯ. ಪಿಸ್ಟನ್ ಮುಂದೆಯೇ ನಿಂತು ಸುಮ್ನೆ ನಡುಗುತ್ತಿತ್ತು. ಒತ್ತಡ ಏರಿಸಿದರೆ ಇನ್ನೂ ಮೊದಲೇ ನಿಲ್ಲುತ್ತಿತ್ತು. ಗಾಳಿ ಸಾಲುತ್ತಿಲ್ಲ ಅಂದರೆ ಒತ್ತಡ ಏರಿಸಿದಾಗ ಸರಿಹೋಗಬೇಕಿತ್ತಲ್ಲ? ಹಾಗಾಗಲಿಲ್ಲ. ಅಂದರೆ ಗಾಳಿ ಒಳಗೆ ಬರುವುದರಲ್ಲಿ ತೊಂದರೆ ಇರಲಿಲ್ಲ. ಬಂದ ಗಾಳಿ ಹೊರಗೆ ಹೋಗುತ್ತಿರಲಿಲ್ಲ.

ಅದಕ್ಕೆ ಮೂರು ಕಾರಣ ಸಿಕ್ಕವು. ಮೂರೂ ಕೂಡಿಕೊಂಡು ಸತಾಯಿಸುತ್ತಿದ್ದವು.

ದೊಡ್ಡದು ಪೈಪ್. ವಾಲ್ವ್ ಇದ್ದದ್ದು ಮೇಜಿನ ಕೆಳಗೆ, ಅಲ್ಲಿಂದ ಕೈಗೆ ಒಂದೂವರೆ ಮೀಟರ್ ಪೈಪ್. ಒಳವ್ಯಾಸ 2.5 ಮಿ.ಮೀ. ಲೆಕ್ಕ ಹಾಕಿದರೆ ಪೈಪಿನೊಳಗೆ 7.4 ಮಿ.ಲೀ. ಜಾಗ. ಪಿಸ್ಟನ್ ಓಡಲು ಬೇಕಾದದ್ದು ಅರ್ಧ ಮಿ.ಲೀ. ಅಷ್ಟೆ! ಪ್ರತಿ ಹೊಡೆತಕ್ಕೂ ಅದರ ಹದಿನೈದರಷ್ಟು ಗಾಳಿಯನ್ನು ಸುಮ್ನೆ ತುಂಬಿಸಿ, ಸುಮ್ನೆ ಖಾಲಿ ಮಾಡುತ್ತಿದ್ದೆ. ಈಗ ವಾಲ್ವನ್ನು ಹಳೆಯ ಟೇಬಲ್ ಲ್ಯಾಂಪಿನ ಸ್ಪ್ರಿಂಗ್ ತೋಳಿಗೆ ಕಟ್ಟಿ ಕೈಯ ಮೇಲ್ಗಡೆಯೇ ತಂದಿದ್ದೇನೆ. ಪೈಪ್ 25 ಸೆಂ.ಮೀ.ಗೆ ಇಳಿಯಿತು. ವಾಲ್ವಿನ ಭಾರವೂ ನಡುಕವೂ ಕೈಗೆ ಬರೋದಿಲ್ಲ.

ಎರಡನೆಯದು ವಾಲ್ವಿನೊಳಗಿನ ತಂತಿ ಸುರುಳಿಗೆ, ಅಂದರೆ ಕಾಯಿಲ್‌ಗೆ, ಅಡ್ಡ ಹಾಕಿದ್ದ ಡಯೋಡ್. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಕರೆಂಟ್ ಕಡಿದಾಗ ಕಾಯಿಲ್ ಎಸೆಯುವ ವೋಲ್ಟೇಜಿನಿಂದ ಮಾಸ್ಫೆಟ್ ಸುಡದಿರಲಿ ಅಂತ 1ಎನ್4007 ಡಯೋಡ್ ಹಾಕುವುದು ರೂಢಿ. ಮಾಸ್ಫೆಟ್ ಉಳಿಯುತ್ತದೆ, ಆದರೆ ಕಾಯಿಲ್‌ನೊಳಗಿನ ಕರೆಂಟ್ ಆ ಡಯೋಡಿನಲ್ಲೇ ಸುತ್ತುತ್ತಾ ನಿಧಾನಕ್ಕೆ ಸಾಯುತ್ತದೆ. ಅಲ್ಲಿಯವರೆಗೆ ವಾಲ್ವ್ ಬಿಡೋದಿಲ್ಲ. ಡಯೋಡಿನ ಜೊತೆ ಸಾಲಿನಲ್ಲಿ 24 ವೋಲ್ಟಿನ ಜೀನರ್ (ಅಷ್ಟು ವೋಲ್ಟೇಜ್ ಬಂದಾಗ ಮಾತ್ರ ಹಿಂದಕ್ಕೂ ಕರೆಂಟ್ ಬಿಡುವ ಡಯೋಡ್) ಸೇರಿಸಿದರೆ ಕರೆಂಟ್ ಬೇಗ ಇಳಿಯುತ್ತದೆ. ಮಾಸ್ಫೆಟ್ ಮೇಲೆ ಬೀಳುವುದು 36 ವೋಲ್ಟಿನ ಸುಮಾರು, ಅದರ ಮಿತಿ 55. ಹತ್ತು ರೂಪಾಯಿಯೊಳಗಿನ ಒಂದು ಭಾಗದಿಂದ ಇಷ್ಟು ವ್ಯತ್ಯಾಸ ಆಗುತ್ತದೆ ಅಂದುಕೊಂಡಿರಲಿಲ್ಲ. ಹೊಡೆತದ ಸದ್ದೇ ಬದಲಾಯಿತು, ಬೊದ್‌ಬೊದ್ ಅನ್ನುತ್ತಿದ್ದದ್ದು ಟಕಟಕ ಆಯಿತು.

ಮೂರನೆಯದು ಸೈಲೆನ್ಸರ್. ಗಾಳಿ ಹೊರಹೋಗುವ ಬಾಯಿಗೆ ಕಂಚಿನ ಪುಡಿಯ ಪುಟ್ಟ ಸೈಲೆನ್ಸರ್ ಹಾಕಿದ್ದೆ. ಮನೆಯವರ ನೆಮ್ಮದಿಗೆ. ಅದೂ ಗಾಳಿಯನ್ನು ತಡೆಯುತ್ತಿತ್ತು. ಒಂದು ಸೈಜ್ ದೊಡ್ಡದು ಹಾಕಿದೆ.

ಈಗ ಸೆಕೆಂಡಿಗೆ 50ರವರೆಗೆ, ಅಂದರೆ ನಿಮಿಷಕ್ಕೆ 3000 ಹೊಡೆತ ಸಿಗುತ್ತಿದೆ. ಪಿಸ್ಟನ್ ನಿಜವಾಗಿ ಹೊಡೆಯುತ್ತಿದೆಯೋ, ನಡುಗುತ್ತಿದೆಯೋ ಅಂತ ತಿಳಿಯಲು ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ, ಅದರ ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿ. ಚೂಪಾದ ಏಟುಗಳು ಲೆಕ್ಕಕ್ಕೆ ಸಿಗುತ್ತವೆ.

ಪೆಡಲ್ ಸುಲಭ. ಹೊಲಿಗೆ ಮಷೀನಿನ ಹಳೆಯ ಕಾಲು ಪೆಡಲ್, ಒಳಗಿದ್ದದ್ದನ್ನೆಲ್ಲ ಕಿತ್ತು 10ಕೆ ಪೊಟೆನ್ಶಿಯೋಮೀಟರ್ (ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್) ಹಾಕಿದ್ದು. ವೇಗ ಬದಲಾಗದೆ, ವಾಲ್ವ್ ತೆರೆದಿರುವ ಹೊತ್ತು ಮಾತ್ರ ಹೆಚ್ಚುಕಡಿಮೆ ಆಗುವಂತೆ ಬರೆದಿದ್ದೇನೆ. ಒತ್ತಿದಷ್ಟೂ ಹೊಡೆತ ಗಟ್ಟಿ. ವೇಗ ಬದಲಿಸುವ ಪೆಡಲ್‌ಗಿಂತ ಇದು ಕೈಗೆ ಹಿತ, ಇದು ನನ್ನ ಅಭಿಪ್ರಾಯ.

ಉಪಕರಣ ಎಷ್ಟೇ ಚೆನ್ನಾಗಿರಲಿ, ಉಳಿಯ ಮೊನೆ ಸರಿಯಿಲ್ಲದಿದ್ದರೆ ಎಲ್ಲ ವ್ಯರ್ಥ. ಹೈಸ್ಪೀಡ್ ಸ್ಟೀಲಿನ ಚೌಕ ಸರಳನ್ನು 120 ಡಿಗ್ರಿಯ ವಿ ಆಕಾರಕ್ಕೆ ಸಾಣೆ ಹಿಡಿದೆ. ಮುಖ 45 ಡಿಗ್ರಿ. ಮೊನೆಯ ಅಡಿಯಲ್ಲಿ ಹಿಮ್ಮಡಿಯಂಥ ಎರಡು ಪುಟ್ಟ ಮುಖಗಳಿರುತ್ತವೆ, 15 ಡಿಗ್ರಿಯವು, ಅರ್ಧ ಮಿ.ಮೀ. ಉದ್ದವೂ ಇಲ್ಲ. ಗುಟ್ಟೆಲ್ಲ ಅಲ್ಲಿದೆ. ಆ ಮುಖಗಳು ಕನ್ನಡಿಯಂತಿದ್ದರೆ ಗೆರೆಯೂ ಫಳಫಳ ಹೊಳೆಯುತ್ತದೆ. ಅಲ್ಲಿ ಗೀರಿದ್ದರೆ ಅದೇ ಗೀರು ಗೆರೆಯ ಉದ್ದಕ್ಕೂ ಅಚ್ಚಾಗುತ್ತದೆ. ಹಿಮ್ಮಡಿ ಉದ್ದವಾದರೆ ತಿರುವಿನಲ್ಲಿ ಗೆರೆಯ ಹೊರ ಅಂಚು ಉಜ್ಜಿಹೋಗುತ್ತದೆ. ಮೊನೆಯನ್ನು ಹೆಬ್ಬೆರಳಿನ ಉಗುರಿಗೆ ಮೆಲ್ಲಗೆ ತಾಗಿಸಿ ನೋಡಿ. ಕಚ್ಚಿದರೆ ಕೆಲಸಕ್ಕೆ ಬರುತ್ತದೆ, ಜಾರಿದರೆ ಮತ್ತೆ ಸಾಣೆಗೆ.

ಸತುವಿನ ತಗಡಿನ ಮೇಲೂ ಆಡಿ ನೋಡಿದೆ. ಇದರ ಮೇಲೆ ಗೀಚಿದ ಚಿತ್ರ ಕಾಣಲು ಬೀದರಿನವರ ಉಪಾಯವೇ ಬೇಕು. ಬಿದರಿ ಪಾತ್ರೆ ಮುಖ್ಯವಾಗಿ ಸತು, ಸ್ವಲ್ಪ ತಾಮ್ರ. ಕೆತ್ತುವ ಮೊದಲು ಅವರು ಮೈಲುತುತ್ತದ ನೀರು ಸವರುತ್ತಾರೆ, ಮೈ ಕಪ್ಪಾಗುತ್ತದೆ, ಮೊಳೆಯಲ್ಲಿ ಗೀಚಿದ ಚಿತ್ರ ಬೆಳ್ಳಗೆ ಎದ್ದು ಕಾಣುತ್ತದೆ. ನನ್ನ ತಗಡಿನಲ್ಲೂ ಹಾಗೇ ಆಯಿತು. ಹಿತ್ತಾಳೆಗೆ ಈ ಉಪಾಯ ನಡೆಯೋದಿಲ್ಲ, ಅಲ್ಲಿ ಮಾರ್ಕರ್ ಪೆನ್ನೇ ಸರಿ. ಬೆಳ್ಳಿ ತಂತಿ ಕೂರಿಸುವ ಕಾಲುವೆಯನ್ನು ಅವರು ಬರೀ ಉಳಿ ಸುತ್ತಿಗೆಯಲ್ಲಿ ಕಡಿಯುತ್ತಾರೆ. ನನ್ನ 3000 ಹೊಡೆತ ಇಟ್ಟುಕೊಂಡೂ ಅಂಥ ಒಂದು ತಿರುವು ನನಗೆ ಬರುತ್ತಿಲ್ಲ.

ತಿರುವು ಬರದಿರುವುದಕ್ಕೆ ಇನ್ನೊಂದು ಕಾರಣ ವೈಸ್, ಅಂದರೆ ತಗಡನ್ನು ಕಚ್ಚಿ ಹಿಡಿಯುವ ಸಾಧನ. ಬಾಗುಗೆರೆ ಕೆತ್ತುವಾಗ ಕೈ ತಿರುಗಬಾರದು, ಕೆತ್ತುವ ತಗಡು ತಿರುಗಬೇಕು. ಅದಕ್ಕೆ ಭಾರವಾದ ಗುಂಡು ವೈಸ್ ಬೇಕು. ಗುಂಡೆಸೆತದ 7.26 ಕಿಲೋ ಕಬ್ಬಿಣದ ಗುಂಡಿನ ಮೇಲ್ಭಾಗ ಕತ್ತರಿಸಿ ದವಡೆ ಕೂರಿಸುವ ಯೋಚನೆ ಇದೆ. ಕೆಲವು ಗುಂಡುಗಳಲ್ಲಿ ಹೊರಗೆ ಚಿಪ್ಪು, ಒಳಗೆ ಬೇರೇನೋ ತುಂಬಿರುತ್ತದೆ, ಅಂಥದ್ದು ಬೇಡ. ಪೂರ್ತಿ ಎರಕದ ಹಳೆಯ ಗುಂಡು ಮಾರುವವರಿದ್ದರೆ ತಿಳಿಸಿ. ವಾಲ್ವಿನ ಜಾಗಕ್ಕೆ ಸಣ್ಣ ಡಿಸಿ ಮೋಟಾರಿನಿಂದ ತಿರುಗುವ ರೋಟರಿ ವಾಲ್ವ್ ಮಾಡುವ ಆಸೆಯೂ ಇದೆ, ಆದರೆ ಗುಂಡು ಸಿಗುವವರೆಗೆ ಅದಕ್ಕೆ ಕೈ ಹಾಕೋದಿಲ್ಲ.