ರೊಟ್ಟಿ ಮಾರಿ ಸಂಸಾರ ನಡೆಯುತ್ತದೆಯೇ?

ಮಗು ಚಿಕ್ಕದು, ಹೊರಗೆ ದುಡಿಯಲು ಹೋಗುವಂತಿಲ್ಲ, ಒಬ್ಬರ ಸಂಬಳದಲ್ಲಿ ತಿಂಗಳು ದಾಟುವುದಿಲ್ಲ. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರಿದರೆ ಸಂಸಾರ ನಡೆಯುತ್ತದೆಯೇ, ಬಂಡವಾಳ ಎಷ್ಟು ಬೇಕು? ವಿಜಯಪುರದಲ್ಲಿ ಮನೆಯಿಂದಲೇ ರೊಟ್ಟಿ, ಚಟ್ನಿಪುಡಿ ಮಾರುವ ನನಗೆ ಇದು ಹಳೆಯ ಪ್ರಶ್ನೆ. 2025ರ ಜೂನ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಕಲಬುರಗಿ ರೊಟ್ಟಿಯ ಸುದ್ದಿ ಎತ್ತಿದ ಮೇಲೆ ಕೇಳುವವರು ಇನ್ನೂ ಹೆಚ್ಚಾದರು. ಅಲ್ಲಿ ಹೆಣ್ಣುಮಕ್ಕಳು ಒಟ್ಟುಗೂಡಿ ಒಂದು ಬ್ರ್ಯಾಂಡ್ ಕಟ್ಟಿದ್ದಾರೆ, ಬೆನ್ನಿಗೆ ಜಿಲ್ಲಾಡಳಿತವಿದೆ. ಒಂದೇ ಒಲೆ, ಬಗಲಲ್ಲೊಂದು ಕೂಸು ಇರುವವಳ ಲೆಕ್ಕ ಬೇರೆ.

ನಡೆಯುತ್ತದೆ ಎಂದೇ ನನ್ನ ಉತ್ತರ. ಆದರೆ ನಿಮ್ಮ ಕೈಗೂ ಕೂಲಿ ಹಿಡಿದು ಬೆಲೆ ಕಟ್ಟಿದರೆ ಮಾತ್ರ. ಬಂಡವಾಳದ ಪ್ರಶ್ನೆ ಆಮೇಲಿನದು. ತವೆ, ಪರಾತ, ಒಂದು ಚೀಲ ಜೋಳ ಹೇಗೋ ಹೊಂದುತ್ತವೆ.

ಲೆಕ್ಕ ಹೀಗಿದೆ. ಒಂದು ಕಿಲೋ ಹಿಟ್ಟಿನಲ್ಲಿ ತೆಳ್ಳನೆಯ ಕಡಕ್ ರೊಟ್ಟಿ ಸುಮಾರು 20 ಆಗುತ್ತವೆ. ಜೋಳ, ಗಿರಣಿ ಸೇರಿ 50 ರೂಪಾಯಿ ಎನ್ನಿ. ಗ್ಯಾಸು, ಪ್ಯಾಕಿಂಗ್, ಆಟೋ ಸೇರಿ ಇನ್ನೊಂದು 20. ಮನೆಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಆದ್ದರಿಂದ ಗ್ಯಾಸನ್ನು ವಾಣಿಜ್ಯ ಸಿಲಿಂಡರಿನ ದರದಲ್ಲೇ ಹಿಡಿಯಿರಿ. ದಿನಕ್ಕೆ ಐದು ಕಿಲೋ ಬಡಿದರೆ ನೂರು ರೊಟ್ಟಿ, ಖರ್ಚು 350. ರೊಟ್ಟಿಗೆ 6 ರೂಪಾಯಿಯಂತೆ ಮಾರಿದರೆ ಬರುವುದು 600, ಉಳಿಯುವುದು 250. ಇದನ್ನು ಲಾಭ ಎಂದು ಬಹಳ ಜನ ಹಿಗ್ಗುತ್ತಾರೆ. ಕೈ ನುರಿತವಳಿಗೂ ನಾದಿ, ಬಡಿದು, ಬೇಯಿಸಿ, ಒಣಗಿಸಿ ಮುಗಿಸುವಷ್ಟರಲ್ಲಿ ಐದಾರು ಗಂಟೆ ಹಿಡಿಯುತ್ತದೆ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು. ಎಂದರೆ 6 ರೂಪಾಯಿಗೆ ರೊಟ್ಟಿ ಮಾರುವವಳು ಪ್ರತಿದಿನ 120 ರೂಪಾಯಿಯನ್ನು ತನ್ನ ರಟ್ಟೆಯಿಂದ ಗಿರಾಕಿಗೆ ಕೊಡುತ್ತಿದ್ದಾಳೆ. ಅದೇ ರೊಟ್ಟಿ 8 ರೂಪಾಯಿಯಾದರೆ 450 ಉಳಿಯುತ್ತದೆ. ಕೂಲಿ ಕಳೆದ ಮೇಲೆ ಉಳಿದ 80 ಲಾಭ. ನಿಮ್ಮ ಊರಿನ ದರ ಬೇರೆಯಿರಬಹುದು, ಅಂಕಿ ಬದಲಿಸಿಕೊಳ್ಳಿ. ಕೂಲಿಯ ಸಾಲನ್ನು ಮಾತ್ರ ಅಳಿಸಬೇಡಿ.

‘ಮನೆಯಲ್ಲೇ ಮಾಡುವುದಲ್ಲವೇ, ನಿಮಗೇನು ಖರ್ಚು?’ ಎಂದು ಕೇಳುವ ಗಿರಾಕಿಗಳಿರುತ್ತಾರೆ. ಅವರಿಗಿಂತ ಕಷ್ಟ, ಹಾಗೆಯೇ ಯೋಚಿಸುವ ಮನೆಯವರು. ಬೆಳಗ್ಗೆ ನೂರು ರೊಟ್ಟಿ ಬಡಿದವಳು ಮಧ್ಯಾಹ್ನದ ಅಡುಗೆ, ಬಟ್ಟೆ, ಮಗುವಿನ ಸ್ನಾನ ಎಲ್ಲವನ್ನೂ ಎಂದಿನಂತೆ ಮಾಡಬೇಕು ಎಂದಾದರೆ ಈ ವ್ಯಾಪಾರ ಆರು ತಿಂಗಳೂ ಬಾಳುವುದಿಲ್ಲ. ಕಾದ ತವೆಯ ಹತ್ತಿರ ಅಂಬೆಗಾಲಿಡುವ ಮಗುವನ್ನು ಬಿಡುವಂತಿಲ್ಲ. ಮೂರು ತುಂಬಿದ ಮಗುವಾದರೆ ಅಂಗನವಾಡಿಯ ಹೊತ್ತು ನಿಮ್ಮದು. ಅದಕ್ಕಿಂತ ಚಿಕ್ಕದಾದರೆ ಆ ಐದು ಗಂಟೆ ಕೂಸನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದು ಗೊತ್ತಾಗುವವರೆಗೆ ಜೋಳ ತರಿಸಬೇಡಿ. ಅತ್ತೆಯವರೋ, ಪಕ್ಕದ ಮನೆಯ ಅಜ್ಜಿಯೋ, ತಡವಾಗಿ ಡ್ಯೂಟಿಗೆ ಹೋಗುವ ಗಂಡನೋ, ಒಬ್ಬರು ಬಾಯಿಬಿಟ್ಟು ಒಪ್ಪಿಕೊಂಡಿರಬೇಕು.

ಇನ್ನು ಸರಕು. ರೊಟ್ಟಿಗೆ ಹಿಂಗಾರಿನ ಮಾಲದಂಡಿ ಜೋಳವೇ ಆಗಬೇಕು ಎಂಬ ಹಟ ನನ್ನದು. ಜೋಳದ ಹಿಟ್ಟಿಗೆ ಗೋಧಿಯಂಥ ಅಂಟು ಇಲ್ಲ. ಕುದಿಯುವ ಎಸರು ಹೊಯ್ದು ನಾದಿದಾಗಲೇ ಅದಕ್ಕೆ ಜಿಗಿ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟು ಎಷ್ಟು ನಾದಿದರೂ ಬಡಿಯುವಾಗ ಅಂಚಿನಲ್ಲಿ ಬಿರಿಯುತ್ತದೆ. ಅದಕ್ಕೇ ಜೋಳ ಚೀಲದಲ್ಲಿರಲಿ, ಹಿಟ್ಟು ಮಾತ್ರ ಎರಡು ಮೂರು ದಿನಕ್ಕೆ ಆಗುವಷ್ಟೇ ಇರಲಿ. ತವೆಗೆ ಹಾಕಿದ ರೊಟ್ಟಿಯ ಮೇಲೆ ನೀರು ಸವರಿ, ಅದು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ಒಂದು ಕ್ಷಣ ತಡವಾದರೆ ಮೇಲ್ಮೈ ಸೀಳಿ ಉಬ್ಬುವುದಿಲ್ಲ. ಕಡಕ್ ಮಾಡಲು ಬಟ್ಟೆಯಿಂದ ಅಂಚು ಒತ್ತಿ ಒತ್ತಿ ತೇವ ಪೂರ್ತಿ ಹೋಗುವಂತೆ ಬೇಯಿಸಬೇಕು. ನಡುವೆ ತುಸು ಹಸಿ ಉಳಿದರೂ ಕಟ್ಟಿನೊಳಗೆ ಬೂಸ್ಟು ಹಿಡಿಯುತ್ತದೆ, ಆ ಗಿರಾಕಿ ಮತ್ತೆ ಬರುವುದಿಲ್ಲ.

ರೊಟ್ಟಿಯೊಂದನ್ನೇ ನೆಚ್ಚಬೇಡಿ. ಗಿರಾಕಿಯನ್ನು ಮನೆಗೆ ತರುವುದು ರೊಟ್ಟಿ, ದುಡ್ಡು ಉಳಿಸುವುದು ಶೇಂಗಾ ಚಟ್ನಿ, ಅಗಸಿ ಚಟ್ನಿ. ಮಗು ಮಲಗಿದ ಹೊತ್ತಿನಲ್ಲಿ ಹುರಿದು ಕುಟ್ಟಿಡಬಹುದು, ನಡುವೆ ಎದ್ದರೂ ಕೆಲಸ ಕೆಡುವುದಿಲ್ಲ. ಎಣ್ಣೆಕಾಳಿನ ಪುಡಿ ಬೇಗ ಕನರುತ್ತದೆ, ಹಾಗಾಗಿ ಸಣ್ಣ ಸಣ್ಣ ಪ್ರಮಾಣದಲ್ಲೇ ಮಾಡಿ.

ಕಾಗದಪತ್ರಕ್ಕೆ ಹೆದರುವುದೇನೂ ಬೇಡ. ಮನೆಯಲ್ಲಿ ಮಾಡಿ ಮಾರುವ ತಿನಿಸಿಗೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ನಾನು ಮಾಡಿಸಿದಾಗ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಇರಲಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಮಾಡಿಸಿಕೊಡುತ್ತೇನೆ ಎಂದು ಸಾವಿರ ಕೇಳುವವರನ್ನು ಬಾಗಿಲಲ್ಲೇ ಕಳುಹಿಸಿ. ತರಬೇತಿ ಬೇಕಿದ್ದರೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಇದೆ, ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆ ಜಿಲ್ಲೆಗಳಲ್ಲಿ ನಡೆಸುವ ಸಂಸ್ಥೆಗಳಿವೆ. ಊಟ, ವಸತಿ ಸಹಿತ ಉಚಿತವಾಗಿ ಕಲಿಸುತ್ತಾರೆ.

ಸಾಲ? ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಆದರೂ ಮೊದಲ ದಿನವೇ ಬ್ಯಾಂಕಿಗೆ ಓಡುವುದು ನನಗೆ ಒಪ್ಪಿಗೆಯಿಲ್ಲ. ರೊಟ್ಟಿ ಹೋಗಲಿ ಬಿಡಲಿ, ಕಂತು ಮಾತ್ರ ತಪ್ಪದೆ ಬರುತ್ತದೆ. ಕೈಯಿಂದ ಪೂರೈಸಲಾಗದಷ್ಟು ಬೇಡಿಕೆ ಬಂದು, ಯಂತ್ರ ಕೊಳ್ಳಲೇಬೇಕು ಎನ್ನುವಾಗ ಸಾಲದ ಮಾತು ಎತ್ತಿ.

ಉದ್ರಿ ಎಂಬುದೊಂದಿದೆ. ಮದುವೆಯೊಂದಕ್ಕೆ ರೊಟ್ಟಿ ಒಯ್ದ ಅಡುಗೆ ಗುತ್ತಿಗೆದಾರರೊಬ್ಬರು ನನಗೆ ಇನ್ನೂ ಬಾಕಿ ಇಟ್ಟಿದ್ದಾರೆ; ಫೋನ್ ಮಾಡಿದರೆ ಈಗಲೂ ಬಹಳ ಪ್ರೀತಿಯಿಂದ ‘ಅಕ್ಕಾ’ ಎನ್ನುತ್ತಾರೆ. ದೊಡ್ಡ ಆರ್ಡರಿಗೆ ಅರ್ಧ ಹಣ ಮುಂಗಡ ಕೇಳುವುದರಲ್ಲಿ ನಾಚಿಕೆಯಿಲ್ಲ. ಬಂಧುಗಳಿಗೆ ಮೊದಲ ಕಟ್ಟು ಉಚಿತ, ಎರಡನೆಯದಕ್ಕೆ ಎಲ್ಲರಿಗೂ ಇರುವ ಬೆಲೆ. ಮುನಿಸಿಕೊಂಡವರೂ ರುಚಿ ಹಿಡಿದರೆ ಬರುತ್ತಾರೆ.

ಕೊನೆಗೆ ಕೆಲವರು ದನಿ ತಗ್ಗಿಸಿ ಕೇಳುತ್ತಾರೆ: ವ್ಯಾಪಾರ ಕುದುರಿದರೆ ಮನೆಯವರ ನೌಕರಿ ಬಿಡಿಸಬಹುದೇ? ಒಂದು ಆಷಾಢ ದಾಟಿಸಿ ನೋಡಿ ಎನ್ನುತ್ತೇನೆ. ಆ ತಿಂಗಳು ಮದುವೆಗಳಿಲ್ಲ, ಆರ್ಡರುಗಳಿಲ್ಲ, ಮಳೆಗಾಲದ ತಂಪಿಗೆ ಕಡಕ್ ರೊಟ್ಟಿ ಮೆತ್ತಗಾಗುತ್ತದೆ. ಗಿರಾಕಿ ಕಡಿಮೆಯಾದರೂ ಬಾಡಿಗೆ, ಹಾಲಿನ ಬಿಲ್ಲು, ಮಗುವಿನ ಔಷಧಿ ಇದ್ದಷ್ಟೇ ಇರುತ್ತವೆ. ಆ ತಿಂಗಳನ್ನು ರೊಟ್ಟಿಯ ದುಡ್ಡಿನಲ್ಲೇ ಕಳೆಯಲು ಆಯಿತೆಂದರೆ ಮುಂದಿನದನ್ನು ಗಂಡ ಹೆಂಡಿರು ಕೂತು ಮಾತಾಡಬಹುದು. ನಮ್ಮವರು ಇನ್ನೂ ನೌಕರಿಯಲ್ಲೇ ಇದ್ದಾರೆ. ಭಾನುವಾರ ಗಿರಣಿಗೆ ಜೋಳ ಹೊರುವುದು ಅವರ ಪಾಳಿ, ಅದಕ್ಕೂ ನನ್ನ ಪುಸ್ತಕದಲ್ಲಿ ಕೂಲಿ ಬರೆದಿದ್ದೇನೆ.