ಅವರು ಹಾಡೋದು ಅರ್ಥವಾಗುತ್ತಾ ಅಂತ ಕೇಳುವವರಿಗೆ

ಇಲ್ಲ, ಎಲ್ಲ ಅರ್ಥವಾಗುವುದಿಲ್ಲ. ಆಯಿತಾ?

ಸಿಂಫನಿಕ್ ಮೆಟಲ್, ಅಂದರೆ ಅಬ್ಬರದ ಗಿಟಾರು-ಡ್ರಮ್ಮಿಗೆ ಆರ್ಕೆಸ್ಟ್ರಾ, ಕೋರಸ್ ಸೇರಿಸಿದ ರಾಕ್ ಸಂಗೀತ, ಕೇಳುತ್ತೇನೆ ಅಂದ ಕೂಡಲೇ ಜನ ಏನೇನೋ ಕೇಳುತ್ತಾರೆ. ತಲೆನೋವು ಬರೋದಿಲ್ವಾ, ಮನೆಯವರು ಸುಮ್ನೆ ಇರ್ತಾರಾ ಅಂತೆಲ್ಲ. ಕೊನೆಗೆ ಬಂದು ನಿಲ್ಲುವುದು ಮಾತ್ರ ಒಂದೇ ಕಡೆ. "ಅವರು ಹಾಡೋದು ನಿನಗೆ ಅರ್ಥವಾಗುತ್ತಾ?" ಕೇಳುವಾಗ ಮುಖದಲ್ಲೊಂದು ನಗು ಬೇರೆ, ಕಳ್ಳ ಸಿಕ್ಕಿಬಿದ್ದ ಅನ್ನುವ ಹಾಗೆ.

ಒಮ್ಮೆ ಬದಿಯಡ್ಕದಿಂದ ಕಾಸರಗೋಡಿಗೆ ಭಾವನ ಕಾರಿನಲ್ಲಿ ಹೋಗುತ್ತಿದ್ದೆ. ಹಾಡು ನನ್ನ ಫೋನಿನದ್ದು. 'ಮಾರ್ಚ್ ಆಫ್ ಮೆಫಿಸ್ಟೊ' ಶುರುವಾಯಿತು. ಭಾವ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ, "ಅವು ಎಂತ ಹೇಳ್ತವು ಹೇಳಿ ಗೊಂತಾವ್ತಾ ಭಾವ?" ನಾನು ಬಾಯಿ ತೆರೆಯುವ ಮೊದಲೇ ವಾಲ್ಯೂಮ್ ಇಳಿಯಿತು. ಇದೇ ಭಾವ ಯಕ್ಷಗಾನ ಬಯಲಾಟಕ್ಕೆ ಹೋದರೆ ಬೆಳಗಿನವರೆಗೆ ಏಳುವವರಲ್ಲ. ಚೆಂಡೆಯ ಅಬ್ಬರದಲ್ಲಿ ಭಾಗವತರ ಪದ್ಯ ಅರ್ಧ ಕೇಳಿಸುವುದಿಲ್ಲ. ಆದರೂ ತಲೆದೂಗುತ್ತಾರೆ. ಕೇಳಿದರೆ, "ಕಥೆ ಗೊಂತಿದ್ದನ್ನೇ" ಅನ್ನುತ್ತಾರೆ.

ಸರಿ, ಕಥೆಗೇ ಬರೋಣ. ಆ ಹಾಡು ಕ್ಯಾಮೆಲಾಟ್ ಎಂಬ ಅಮೆರಿಕದ ಬ್ಯಾಂಡಿನದ್ದು, 2005ರಲ್ಲಿ ಬಂದ 'ದಿ ಬ್ಲ್ಯಾಕ್ ಹೇಲೊ' ಆಲ್ಬಮ್‌ನ ಮೊದಲ ಹಾಡು. ಜರ್ಮನ್ ಕವಿ ಗಯಟೆ ಬರೆದ, ಸೈತಾನನ ಜೊತೆ ಒಪ್ಪಂದ ಮಾಡಿಕೊಂಡ ಪಂಡಿತನ 'ಫೌಸ್ಟ್' ನಾಟಕವನ್ನು ಸಡಿಲವಾಗಿ ಹಿಡಿದುಕೊಂಡ ಕಥೆ. ಇಲ್ಲಿ ಫೌಸ್ಟ್‌ನ ಹೆಸರು ಏರಿಯಲ್. ಅವನ ಆತ್ಮಕ್ಕೆ ಹೊಂಚು ಹಾಕುವ ಸೈತಾನ ಮೆಫಿಸ್ಟೊ. ತೊಂದರೆ ಏನೆಂದರೆ, ಇದು ಅರ್ಧ ಕಥೆ. ಮೊದಲರ್ಧ 2003ರ 'ಎಪಿಕಾ' ಆಲ್ಬಮ್‌ನಲ್ಲಿ ಮುಗಿದಿದೆ, ನಾಯಕಿ ಹೆಲೆನಾ ಅಲ್ಲೇ ಸತ್ತಿದ್ದಾಳೆ. (ಡಚ್ ಬ್ಯಾಂಡ್ ಎಪಿಕಾ ಹೆಸರು ಎತ್ತಿಕೊಂಡದ್ದು ಇದೇ ಆಲ್ಬಮ್‌ನಿಂದ.) ನೇರ ಎರಡನೆಯದಕ್ಕೆ ಬಂದವನಿಗೆ, ಈ ಮನುಷ್ಯ ಯಾರಿಗಾಗಿ ಅಳುತ್ತಿದ್ದಾನೆ ಅನ್ನುವುದೇ ತಿಳಿಯುವುದಿಲ್ಲ.

ಅಳುವುದೂ ಸ್ವಲ್ಪ ಜಾಸ್ತಿಯೇ. 'ಅಬ್ಯಾಂಡನ್ಡ್', 'ದಿಸ್ ಪೇನ್', 'ಮೂನ್‌ಲೈಟ್' ಒಂದರ ಹಿಂದೆ ಒಂದು ಬರುತ್ತವೆ. ಬಿಡಿಬಿಡಿಯಾಗಿ ಕೇಳಿದರೆ ಒಳ್ಳೆಯ ಹಾಡುಗಳೇ. ಕಥೆ ಮಾತ್ರ ನಿಂತಲ್ಲೇ ನಿಂತಿರುತ್ತದೆ. ನಡುನಡುವೆ ಇಂಟರ್‌ಲೂಡ್ ಅಂತ ಹಾಡುಗಳನ್ನು ಜೋಡಿಸುವ ಮೂರು ಚಿಕ್ಕ ತುಣುಕುಗಳಿವೆ, ಅವೂ ಕಥೆಯನ್ನು ಹೆಚ್ಚೇನೂ ಮುಂದೆ ತಳ್ಳುವುದಿಲ್ಲ. ಯಕ್ಷಗಾನದಲ್ಲಾದರೆ ಪದ್ಯ ಮುಗಿದ ಮೇಲೆ ವೇಷಧಾರಿ ಅರ್ಥ ಹೇಳುತ್ತಾನೆ. ಇಲ್ಲಿ ಬರೀ ಪದ್ಯ. ಹಾಗಾಗಿ ಇಂಗ್ಲಿಷ್ ಚೆನ್ನಾಗಿ ಬರುವವನೂ ಸಾಹಿತ್ಯ ಮುಂದಿಟ್ಟುಕೊಂಡೇ ಕೂರಬೇಕು. ಅಂದರೆ ಭಾವ ಹೇಳಿದ್ದರಲ್ಲಿ ಹುರುಳಿಲ್ಲದಿಲ್ಲ. ಇದನ್ನು ಅವರಿಗೆ ಯಾರೂ ಹೇಳಬೇಡಿ.

ನನಗೆ ಬೇಸರ ಅವರು ಬೇರೆ ಪ್ರಶ್ನೆ ಕೇಳಲಿಲ್ಲ ಅಂತ. ಕುಂಬಳೆ ಸೀಮೆಯವರು, ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನ ಕಡೆಯವರು, ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವಾಗ ಪಕ್ಕದಲ್ಲಿ ನಿದ್ದೆ ಹೋದವರನ್ನು ತಟ್ಟಿ ಎಬ್ಬಿಸುವವರು. ಅಂಥವರು ಕೇಳಬೇಕಾದದ್ದು, "ಖಳನಿಗೇ ಯಾಕೆ ಇಷ್ಟು ಒಳ್ಳೆಯ ಹಾಡು?" ಅಂತ.

ಏಕೆಂದರೆ ಆ ಮೊದಲ ಹಾಡು ಅಪ್ಪಟ ಒಡ್ಡೋಲಗ, ಯಕ್ಷಗಾನದಲ್ಲಿ ಪಾತ್ರ ಮೊದಲ ಸಲ ರಂಗಕ್ಕೆ ಬರುವ ವೈಭವದ ಪ್ರವೇಶದ ಹಾಗೆ. ಉಳಿದ ಮೆಟಲ್ ಬ್ಯಾಂಡ್‌ಗಳು ಓಡುವ ಕಡೆ ಇವರು ನಿಧಾನ ಮಾಡುತ್ತಾರೆ. ಡ್ರಮ್ಮು, ಗಿಟಾರು ಎರಡೂ ಒಂದೇ ಹೆಜ್ಜೆ ಹಾಕುತ್ತವೆ. ಮೇಲಿಂದ ಕೋರಸ್. ಬ್ಯಾಂಡಿನ ಆಗಿನ ಗಾಯಕ ರಾಯ್ ಖಾನ್ ಗಂಟಲು ಹರಿದುಕೊಳ್ಳುವುದಿಲ್ಲ, ತಗ್ಗಿದ ದನಿಯಲ್ಲಿ ನಯವಾಗಿ ಹಾಡುತ್ತಾನೆ. ಅಷ್ಟರಲ್ಲಿ ನಾರ್ವೆಯ ಬ್ಯಾಂಡ್ ಡಿಮ್ಮು ಬೋರ್ಗಿರ್‌ನ ಗಾಯಕ ಶಾಗ್ರಾತ್ ಗೊಗ್ಗರು ಗಂಟಲಲ್ಲಿ ಮೆಫಿಸ್ಟೊ ಆಗಿ ನುಗ್ಗುತ್ತಾನೆ. ಭಾವ ವಾಲ್ಯೂಮ್ ಇಳಿಸಿದ್ದು ಇದಕ್ಕೇ. ರಾಕ್ಷಸ ಮತ್ತೆ ಹೇಗೆ ಮಾತಾಡಬೇಕಿತ್ತು? ಆ ಒಂದು ದನಿಯಿಂದಲೇ ಏರಿಯಲ್ ಎಂಥವನ ಕೈಗೆ ಸಿಕ್ಕಿದ್ದಾನೆ ಅಂತ ತಿಳಿಯುತ್ತದೆ, ಅದಕ್ಕೆ ಪುಸ್ತಕ ಬೇಡ.

ಇನ್ನೊಂದು ತಕರಾರು ಹೆಣ್ಣುಪಾತ್ರಗಳದ್ದು. 'ದಿ ಹಾಂಟಿಂಗ್'ನಲ್ಲಿ ಎಪಿಕಾ ಬ್ಯಾಂಡಿನ ಗಾಯಕಿ ಸಿಮೋನ್ ಸಿಮೊನ್ಸ್ ಬಂದು ಹಾಡಿದಾಗ ಇಡೀ ಆಲ್ಬಮ್‌ಗೆ ಗಾಳಿಬೆಳಕು ಬಂದ ಹಾಗಾಗುತ್ತದೆ. ಅಂಥ ದನಿಯನ್ನು ಇನ್ನೂ ಎರಡು ಕಡೆ ದುಡಿಸಿಕೊಳ್ಳಬಹುದಿತ್ತು, ಅಲ್ವಾ? 'ಮೆಮೆಂಟೊ ಮೋರಿ' ಒಂಬತ್ತು ನಿಮಿಷದ ಹತ್ತಿರ ಇದೆ, ಒಂದು ನಿಮಿಷವೂ ದಂಡ ಅಲ್ಲ. ನನ್ನನ್ನು ಕೇಳಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅದಾದ ಮೇಲೂ 'ಸೆರೆನೇಡ್' ಅಂತ ಒಂದು ಹಾಡಿದೆ. ಚೆನ್ನಾಗಿಯೇ ಇದೆ, ಆದರೆ ಅಷ್ಟು ಹೊತ್ತಿಗೆ ನಾನು ಚಪ್ಪಲಿ ಹುಡುಕುತ್ತಿರುತ್ತೇನೆ.