ಎಕ್ಸ್‌ಒ ಬಾಟಲಿಯಲ್ಲಿ ವಯಸ್ಸೆಷ್ಟು, ಗತ್ತೆಷ್ಟು

ಕಾನ್ಯಾಕ್ (ಫ್ರಾನ್ಸಿನ ಕಾನ್ಯಾಕ್ ಸೀಮೆಯ ದ್ರಾಕ್ಷಿ ಬ್ರಾಂದಿ) ಬಾಟಲಿಯ ಮೇಲೆ ಎಕ್ಸ್‌ಒ ಅಂತ ಇದ್ದರೆ ತಂದವರು ಭಾರಿ ಕುಳ ಅಂತಲೇ ಲೆಕ್ಕ. ಆದರೆ ಆ ಅಕ್ಷರಗಳು ಹೇಳುವುದು ಇಷ್ಟೇ: ಒಳಗೆ ಬೆರೆತಿರುವ ಮದ್ಯಗಳಲ್ಲಿ ತೀರಾ ಎಳೆಯದಕ್ಕೂ ಓಕ್ ಪೀಪಾಯಿಯಲ್ಲಿ 10 ವರ್ಷ ತುಂಬಿದೆ. ಬೇರೆ ದರ್ಜೆಗಳ ಲೆಕ್ಕ: ವಿಎಸ್‌ಗೆ 2 ವರ್ಷ, ವಿಎಸ್‌ಒಪಿಗೆ 4, ನೆಪೋಲಿಯನ್‌ಗೆ 6, ಎಕ್ಸ್‌ಎಕ್ಸ್‌ಒಗೆ 14. ಎಕ್ಸ್‌ಒ ಮಿತಿ 2018ರ ಏಪ್ರಿಲ್‌ಗೆ ಮುಂಚೆ 6 ವರ್ಷವೇ ಇತ್ತು. ಹಾಗಾಗಿ ಹಳೇ ದಾಸ್ತಾನಿನ ಎಕ್ಸ್‌ಒ ತೋರಿಸಿ ‘ಇದು ಇನ್ನೂ ಮಾಗಿದ್ದು’ ಅಂದರೆ ತಲೆಯಾಡಿಸಬೇಡಿ. ಬಾಟಲಿಗೆ ಇಳಿದ ದಿನವೇ ವಯಸ್ಸು ನಿಂತಿತು; ಗಾಜಿನೊಳಗೆ 30 ವರ್ಷ ಕೂತ ವಿಎಸ್‌ಒಪಿ ಈಗಲೂ ವಿಎಸ್‌ಒಪಿಯೇ.

ಹಾಗಾದರೆ ದುಡ್ಡು ಎಲ್ಲಿಗೆ ಹೋಗುತ್ತದೆ? ಬಹುಪಾಲು ಪೀಪಾಯಿಗೆ, ಕಾಯುವುದಕ್ಕೆ, ಆವಿಯಾಗಿ ಹೋಗುವುದಕ್ಕೆ.

ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ, ಶರಾಂತ್ ನದಿಯ ಆಸುಪಾಸಿನಲ್ಲಿ ಬೆಳೆಯುವ ಯುನಿ ಬ್ಲಾಂ ದ್ರಾಕ್ಷಿಯ ವೈನ್ ಕುಡಿಯಲು ಅಷ್ಟೇನೂ ಸೊಗಸಲ್ಲ. ಹುಳಿ ಜಾಸ್ತಿ, ಮದ್ಯಾಂಶ ಶೇ. 9ರ ಆಸುಪಾಸು. ಬಟ್ಟಿ ಇಳಿಸುವವರಿಗೆ ಬೇಕಾದದ್ದು ಇದೇ: ಗಂಧಕ ಹಾಕದೆಯೂ ಹುಳಿಯೇ ವೈನನ್ನು ಕೆಡದಂತೆ ಕಾಯುತ್ತದೆ. ತಾಮ್ರದ ಹಂಡೆಯಲ್ಲಿ ಮೊದಲ ಸಲ ಕಾಯಿಸಿದಾಗ ಶೇ. 28ರಿಂದ 32ರ ಮಬ್ಬು ದ್ರವ ಬರುತ್ತದೆ. ಎರಡನೇ ಸಲ ಕಾಯಿಸುವಾಗಲೇ ಕೈಚಳಕ ಗೊತ್ತಾಗುವುದು. ಮೊದಲು ಬರುವ ‘ತಲೆ’ ಘಾಟು, ಅದನ್ನು ಬೇರೆ ಮಾಡಬೇಕು. ನಡುವಿನ ‘ಹೃದಯ’ ಶೇ. 70ರ ಸುತ್ತಮುತ್ತ ಇರುತ್ತದೆ, ಪೀಪಾಯಿಗೆ ಹೋಗುವುದು ಅದೊಂದೇ. ಹೃದಯವನ್ನು ತಡವಾಗಿ ನಿಲ್ಲಿಸಿದರೆ ‘ಬಾಲ’ದ ಜಿಡ್ಡುವಾಸನೆ ಸೇರಿಕೊಳ್ಳುತ್ತದೆ, ಎಷ್ಟು ವರ್ಷ ಓಕ್‌ನಲ್ಲಿಟ್ಟರೂ ಅದು ಪೂರ್ತಿ ಹೋಗುವುದಿಲ್ಲ. ಈ ಕೆಲಸವೆಲ್ಲ ಮಾರ್ಚ್ 31ರೊಳಗೆ ಮುಗಿಯಬೇಕು, ವಯಸ್ಸಿನ ಎಣಿಕೆ ಏಪ್ರಿಲ್ 1ರಿಂದ.

ಹೊಸ ಮದ್ಯ ನೀರಿನಂತೆ ತಿಳಿ. ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ಹೊಸ ಪೀಪಾಯಿ, ಆಮೇಲೆ ಹಳೆಯದು. ಹೊಸ ಮರದಲ್ಲೇ ಮರೆತುಬಿಟ್ಟರೆ ಒಗರು ಏರಿ, ಹಲಗೆ ಅಗಿದ ಹಾಗಾಗುತ್ತದೆ. ವರ್ಷಕ್ಕೆ ಶೇ. 2ರಷ್ಟು ಆವಿಯಾಗಿ ಹೋಗುತ್ತದೆ. ಉಗ್ರಾಣ ತೇವವಾಗಿದ್ದರೆ ಮದ್ಯಾಂಶ ಹೆಚ್ಚು ಹೋಗಿ ರುಚಿ ದುಂಡಗಾಗುತ್ತದೆ. ಒಣಗಿದ್ದರೆ ನೀರು ಹೆಚ್ಚು ಹೋಗಿ ಖಡಕ್ಕಾಗುತ್ತದೆ. ಆ ಆವಿ ತಿಂದು ಬೆಳೆಯುವ ಕಪ್ಪು ಬೂಷ್ಟು ಉಗ್ರಾಣಗಳ ಗೋಡೆ, ಹೆಂಚುಗಳನ್ನು ಮಸಿ ಬಳಿದಂತೆ ಮಾಡಿರುತ್ತದೆ. ದಶಕಗಳು ಕಳೆದು ಇನ್ನು ಮರದಿಂದ ಪ್ರಯೋಜನವಿಲ್ಲ ಅನ್ನಿಸಿದಾಗ ದೊಡ್ಡ ಗಾಜಿನ ಬುರುಡೆಗಳಿಗೆ ತುಂಬಿ, ‘ಪಾರಾದಿ’ ಎನ್ನುವ ಕೋಣೆಯಲ್ಲಿಡುತ್ತಾರೆ. ತುಂಬ ಹಳೆಯದರಲ್ಲಿ ಅಕ್ರೋಟು, ಅಣಬೆ, ಹಳೇ ತೊಗಲನ್ನು ನೆನಪಿಸುವ ವಾಸನೆ ಬರುತ್ತದೆ. ಬಲ್ಲವರು ಅದನ್ನು ರಾನ್ಸಿಯೊ ಎನ್ನುತ್ತಾರೆ. ನಿಜವಾಗಿ ಬೆಲೆ ಕೊಡಬೇಕಾದದ್ದು ಇದಕ್ಕೆ.

ಬಣ್ಣಕ್ಕೆ ಮಾತ್ರ ಮರುಳಾಗಬೇಡಿ. ಕ್ಯಾರಮೆಲ್, ಸಕ್ಕರೆ, ಓಕ್ ಚೂರು ಕುದಿಸಿದ ಕಷಾಯ, ಮೂರನ್ನೂ ಮಿತಿಯೊಳಗೆ ಸೇರಿಸಲು ಕಾನೂನೇ ಬಿಟ್ಟಿದೆ. ಕಡುಗಂದು ಬಣ್ಣ, ನಾಲಿಗೆಗೆ ಅಂಟುವ ಸಿಹಿ, ವಾಸನೆ ಮಾತ್ರ ಚುಟುಕು ಎಂದಾದರೆ ಅದು ವಯಸ್ಸಿನ ಕೆಲಸವಲ್ಲ.

ಗತ್ತಿನ ಲೆಕ್ಕವೇ ಬೇರೆ. ಕಾನ್ಯಾಕ್‌ನ ಬಹುತೇಕ ಎಲ್ಲವೂ ರಫ್ತಾಗುತ್ತದೆ. ಫ್ರೆಂಚರು ಕುಡಿಯುವುದು ಹೆಚ್ಚಾಗಿ ವಿಸ್ಕಿಯನ್ನು. ಅಮೆರಿಕದಲ್ಲಿ ಹೆಚ್ಚು ಓಡುವುದು ಎಳೆಯ ವಿಎಸ್, ವಿಎಸ್‌ಒಪಿ. ಚೀನಾದಲ್ಲಿ ಔತಣದ ಮೇಜಿಗೆ, ಉಡುಗೊರೆಗೆ ಹಳೆಯದೇ ಆಗಬೇಕು. 2012ರ ಕೊನೆಯಲ್ಲಿ ಅಲ್ಲಿ ಅಧಿಕಾರಿಗಳ ದುಂದುವೆಚ್ಚಕ್ಕೆ ಕಡಿವಾಣ ಬಿದ್ದದ್ದೇ ತಡ, ದುಬಾರಿ ಕಾನ್ಯಾಕ್‌ನ ಮಾರಾಟ ಕುಸಿಯಿತು. ನಾಲಿಗೆಗಳು ಬದಲಾಗಿರಲಿಲ್ಲ, ಕೊಡುವ ಕಾರಣ ಇಲ್ಲವಾಗಿತ್ತು ಅಷ್ಟೆ. ಕಾನ್ಯಾಕ್ ಕಂಪನಿ ರೆಮಿ ಮಾರ್ಟಿನ್‌ನ ಲೂಯಿ 13 ಹುಟ್ಟಿದ್ದು 1874ರಲ್ಲಿ. ಅದರ ಸ್ಫಟಿಕದ ಬಾಟಲಿ ಎಷ್ಟು ಹೆಸರುವಾಸಿಯೆಂದರೆ ಖಾಲಿಯಾದದ್ದಕ್ಕೂ ಗಿರಾಕಿಗಳಿದ್ದಾರೆ. ಮೋಸಗಾರರು ಅದರಲ್ಲೇ ಅಗ್ಗದ ಬ್ರಾಂದಿ ತುಂಬಿಸಿಯಾರು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೊದಲು ಬಿರಡೆಯ ಸೀಲು, ಮತ್ತೆ ಬಾಟಲಿಯ ನಂಬರ್ ಮತ್ತು ಕಾಗದಪತ್ರ, ಆಮೇಲೆ ಮದ್ಯದ ಮಟ್ಟ ನೋಡಿ.

ಕೊಡಲಿಕ್ಕಾದರೆ ದೊಡ್ಡ ಹೆಸರು, ಅಂದದ ಬಾಟಲಿ, ಅದರಲ್ಲಿ ತಪ್ಪೇನಿಲ್ಲ. ಕುಡಿಯಲಿಕ್ಕಾದರೆ ಗ್ರಾಂದ್ ಶಾಂಪೇನ್ ಎಂದಿರುವ, ಸಣ್ಣ ಬೆಳೆಗಾರರೇ ಬಟ್ಟಿ ಇಳಿಸಿ ಮಾಗಿಸಿದ ಬಾಟಲಿ ಹುಡುಕಿ (ಇದು ಕಾನ್ಯಾಕ್ ಸೀಮೆಯೊಳಗಿನ ಒಂದು ಪ್ರದೇಶ, ನೊರೆಯುಕ್ಕುವ ಶಾಂಪೇನಿಗೂ ಇದಕ್ಕೂ ಸಂಬಂಧವಿಲ್ಲ). ಅಲ್ಲಿನ ಸುಣ್ಣದ ಮಣ್ಣಿನ ಮದ್ಯ ಮಾಗಲು ತುಂಬ ಕಾಲ ತೆಗೆದುಕೊಳ್ಳುತ್ತದೆ, ಬಹುಕಾಲ ಬಾಳುತ್ತದೆ. ಫೀನ್ ಶಾಂಪೇನ್ ಎಂದಿದ್ದರೆ ಅದರಲ್ಲಿ ಕನಿಷ್ಠ ಅರ್ಧ ಗ್ರಾಂದ್ ಶಾಂಪೇನ್, ಉಳಿದದ್ದು ಪಕ್ಕದ ಪೆತಿತ್ ಶಾಂಪೇನ್ ಪ್ರದೇಶದ್ದು.

ಸುರಿಯುವಾಗ 30 ಮಿಲಿ ಸಾಕು. ಬಲೂನಿನಂಥ ದೊಡ್ಡ ಲೋಟ ಫೋಟೋಗೆ ಚೆನ್ನ. ಮೂಗಿಗೆ ಬಾಯಿ ಕಿರಿದಾದ ಟ್ಯೂಲಿಪ್ ಲೋಟವೇ ಸರಿ. ಮೇಣದಬತ್ತಿಯ ಮೇಲೆ ಲೋಟ ಬಿಸಿ ಮಾಡಿದರೆ ಮೇಲೇಳುವುದು ಬರೀ ಮದ್ಯದ ಘಾಟು. ಸುರಿದು ಹತ್ತು ನಿಮಿಷ ಬಿಡಿ, ಅಷ್ಟು ಹೊತ್ತಿಗೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಬಾಟಲಿಯನ್ನು ವೈನಿನಂತೆ ಮಲಗಿಸಬೇಡಿ, ಶೇ. 40ರ ಮದ್ಯ ತಾಗುತ್ತಲೇ ಇದ್ದರೆ ಬಿರಡೆ ಪುಡಿಯಾಗಿ ರುಚಿ ಕೆಡುತ್ತದೆ. ಬಿಸಿಲು ಬೀಳದ ಕಡೆ ನಿಲ್ಲಿಸಿಡಿ. ಬಿಚ್ಚಿದ ಬಾಟಲಿ ಅರ್ಧಕ್ಕಿಂತ ಕೆಳಗಿಳಿದರೆ ಒಳಗಿನ ಗಾಳಿ ವಾಸನೆಯನ್ನು ಚಪ್ಪೆ ಮಾಡುತ್ತದೆ. ಉಳಿದದ್ದನ್ನು ಸಣ್ಣ ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿಸಿ ಮುಚ್ಚಿಡಿ, ಇಲ್ಲವೇ ಕೆಲವೇ ತಿಂಗಳಲ್ಲಿ ಮುಗಿಸಿ.